ಮೂರು ಪೆಟ್ಟಿಗೆ, ಹನ್ನೆರಡು ಮಕ್ಕಳು

ಪ್ರಶ್ನೆ: ಸರ್, ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ 12 ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಕೆಲವರ ಹತ್ತಿರ ಹಳೇ ಲ್ಯಾಪ್‌ಟಾಪ್ ಇದೆ, ಕೆಲವರಿಗೆ ಬರೀ ಟ್ಯಾಬ್. ನನ್ನ ಬಳಿ 16 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಮೂರಿವೆ. ಮೂರನ್ನೂ ಸೇರಿಸಿ ಕುಬರ್ನೆಟಿಸ್ ಕ್ಲಸ್ಟರ್ (ಹಲವು ಕಂಪ್ಯೂಟರ್‌ಗಳನ್ನು ಒಂದೇ ಎಂಬಂತೆ ನಡೆಸುವ ಏರ್ಪಾಡು) ಮಾಡಿದರೆ ಒಂದು ಕೆಟ್ಟರೂ ಪಾಠ ನಿಲ್ಲುವುದಿಲ್ಲ ಅಲ್ಲವೇ?
– ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ನಿಲ್ಲುತ್ತದೆ, ಮೇಡಂ. ನಾನೂ ಇದೇ ಆಸೆಯಿಂದ ಮನೆಯ ಅಟ್ಟದ ಕೆಳಗೆ ಮೂರು ಪೆಟ್ಟಿಗೆ ಜೋಡಿಸಿದವನೇ. ಕುಬರ್ನೆಟಿಸ್‌ನ ಹಗುರ ರೂಪವಾದ ಕೆ3ಎಸ್ ಹಾಕಿ, ಅದರ ಮೇಲೆ ಬ್ರೌಸರ್‌ನಲ್ಲೇ ಪೈಥಾನ್ ಬರೆಯಲು ಬಿಡುವ ಜುಪಿಟರ್‌ಹಬ್ ಕೂರಿಸಿದೆ. ಮಗು ಬ್ರೌಸರ್‌ನಲ್ಲಿ ಲಾಗಿನ್ ಆದರೆ ಅದಕ್ಕೊಂದು ಪಾಡ್ (ಆ ಮಗುವಿನ ಕೋಡ್ ಓಡುವ ಪ್ರತ್ಯೇಕ ಕೋಣೆ ಅನ್ನಿ) ಏಳುತ್ತದೆ, ಟ್ಯಾಬ್ ಇದ್ದರೂ ಸಾಕು. ಇಷ್ಟರವರೆಗೆ ಚೆನ್ನ. ಆದರೆ ಕೆ3ಎಸ್ ತಾನಾಗಿ ಕೊಡುವ ಸ್ಟೋರೇಜ್ ಅಂದರೆ ಪಾಡ್ ಎದ್ದ ನೋಡ್‌ನ, ಅಂದರೆ ಆ ಪೆಟ್ಟಿಗೆಯ, ಡಿಸ್ಕಿನಲ್ಲಿ ಒಂದು ಫೋಲ್ಡರ್, ಅಷ್ಟೇ. ಮೊದಲ ದಿನ ಪಾಡ್ ಎರಡನೇ ಪೆಟ್ಟಿಗೆಯಲ್ಲಿ ಎದ್ದಿತೋ, ಮಗುವಿನ ಫೈಲೂ ಅಲ್ಲೇ, ಮುಂದೆ ಪಾಡ್ ಏಳುವುದೂ ಅಲ್ಲೇ. ಒಂದು ಭಾನುವಾರ ಆ ಪೆಟ್ಟಿಗೆಯ ಅಡಾಪ್ಟರ್ ಸುಟ್ಟಿತು. ಉಳಿದೆರಡರಲ್ಲಿ ಜಾಗವಿದ್ದರೂ ನಾಲ್ಕು ಮಕ್ಕಳ ಪಾಡ್ ‘ಪೆಂಡಿಂಗ್’ ಅಂತ, ಏಳದೆ ಕೂತೇಬಿಟ್ಟವು.

ಹಾಗಾಗಿ ಒಂದೇ ಪೆಟ್ಟಿಗೆಯಿಂದ ಶುರುಮಾಡಿ. ನಿಮ್ಮ ಲೆಕ್ಕಕ್ಕೆ ಅದು ಸಾಕು, ಆದರೆ ಮೆಮೊರಿ ನೀವೇ ಹಂಚಬೇಕು. ಜುಪಿಟರ್‌ಹಬ್‌ನ ಹೆಲ್ಮ್ ಚಾರ್ಟ್ (ಅದನ್ನು ಕುಬರ್ನೆಟಿಸ್ ಮೇಲೆ ಕೂರಿಸುವ ಸಿದ್ಧ ಪ್ಯಾಕೇಜು) ಹೇಳುವುದನ್ನು ಬದಲಿಸದೆ ಹಾಗೇ ಬಿಟ್ಟರೆ ತಲೆಗೆ 1 ಜಿಬಿ ಕಾಯ್ದಿರಿಸುತ್ತದೆ, ಮೇಲ್ಮಿತಿ ಮಾತ್ರ ಇಡುವುದಿಲ್ಲ. ನಮ್ಮಲ್ಲಿ ಏಳನೇ ಕ್ಲಾಸಿನ ಒಬ್ಬ ‘ವೈಲ್ ಟ್ರೂ’ (ತಾನಾಗಿ ನಿಲ್ಲದ ಲೂಪ್) ಬರೆದು, ಒಳಗೆ ಲಿಸ್ಟಿಗೆ ತನ್ನ ಹೆಸರು ಸೇರಿಸುತ್ತಾ ಹೋದ. ನಿಲ್ಲಿಸುವ ಸಾಲು ಅವನಿಗೆ ಇನ್ನೂ ಪಾಠವಾಗಿರಲಿಲ್ಲ. ಎರಡು ನಿಮಿಷದಲ್ಲಿ ಆ ಪೆಟ್ಟಿಗೆಯ ಮಕ್ಕಳೆಲ್ಲರ ಪರದೆ ಸ್ತಬ್ಧ. ನನಗೇ ನನ್ನ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಆ ಪೆಟ್ಟಿಗೆಯ ಒಳಹೋಗಲು ಆಗಲಿಲ್ಲ, ಎದ್ದು ಹೋಗಿ ಪವರ್ ಬಟನ್ ಒತ್ತಿದೆ. ನೀವು ತಲೆಗೆ ಗ್ಯಾರಂಟಿ (ಕಾಯ್ದಿರಿಸುವುದು) 256 ಎಂಬಿ, ಲಿಮಿಟ್ (ಮೇಲ್ಮಿತಿ) 1 ಜಿಬಿ ಇಡಿ. ಆಮೇಲೆ ಯಾರು ಹೀಗೆ ಬರೆದರೂ ಬೀಳುವುದು ಅವರೊಬ್ಬರದೇ.

ಇನ್ನೊಂದು ವಿಷಯ, ಇದೇ ಚಾರ್ಟ್ ತಾನಾಗಿ ಕೊಡುವ ಡಮ್ಮಿ ಲಾಗಿನ್. ಯಾವ ಪಾಸ್‌ವರ್ಡ್ ಹಾಕಿದರೂ ಬಿಟ್ಟುಕೊಳ್ಳುತ್ತದೆ! ಮನೆಯೊಳಗೆ ಪರೀಕ್ಷೆ ಮಾಡಲು ಸರಿ, ಹೊರಗೆ ತೆರೆಯುವ ಮೊದಲು ಬದಲಿಸಲೇಬೇಕು. ಚಾರ್ಟ್‌ನಲ್ಲಿರುವ ನೆಟ್‌ವರ್ಕ್ ಪಾಲಿಸಿಯನ್ನು (ಪಾಡ್ ಯಾವುದರ ಜೊತೆ ಸಂಪರ್ಕಿಸಬಹುದೆಂಬ ನಿಯಮ) ಯಾರ ಮಾತು ಕೇಳಿಯೂ ಆಫ್ ಮಾಡಬೇಡಿ, ಮಕ್ಕಳ ಕೋಡ್ ನಿಮ್ಮ ಮನೆಯ ಉಳಿದ ಸಾಧನಗಳನ್ನು ಮುಟ್ಟದಂತೆ ತಡೆಯುವುದು ಅದೇ. ಇನ್ನು ಹೊರಗಿನಿಂದ ಬರುವ ದಾರಿ. ಎಷ್ಟೋ ಬ್ರಾಡ್‌ಬ್ಯಾಂಡ್‌ನವರು ಹಲವು ಮನೆಗೆ ಸೇರಿಸಿ ಒಂದೇ ಪಬ್ಲಿಕ್ ಐಪಿ (ಇಂಟರ್ನೆಟ್ಟಿನ ವಿಳಾಸ) ಕೊಡುತ್ತಾರೆ, ಅಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದವರನ್ನು ರೂಟರ್ ನಿಮ್ಮ ಪೆಟ್ಟಿಗೆಗೆ ಕಳಿಸುವುದು) ಕೆಲಸಕ್ಕೆ ಬಾರದು. ಪೆಟ್ಟಿಗೆಯೇ ಒಳಗಿನಿಂದ ಹೊರಕ್ಕೆ ಸಂಪರ್ಕ ಹಿಡಿದಿಡುವ ಕ್ಲೌಡ್‌ಫ್ಲೇರ್ ಟನಲ್ ಆದೀತು.

ಒಂದು ಗಂಟೆ ಸುಮ್ಮನಿದ್ದರೆ ಪಾಡ್ ತಾನೇ ಮುಚ್ಚಿಕೊಳ್ಳುತ್ತದೆ. ಊಟ ಮುಗಿಸಿ ಬಂದ ಮಗು ‘ಮಿಸ್, ಎಲ್ಲಾ ಹೋಯ್ತು’ ಅನ್ನುತ್ತದೆ, ಗಾಬರಿ ಬೇಡ. ಹೋಮ್ ಫೋಲ್ಡರಿನ ಫೈಲು ಹಾಗೇ ಇರುತ್ತವೆ, ಸೆಲ್‌ಗಳನ್ನು (ಕೋಡಿನ ತುಂಡುಗಳನ್ನು) ಇನ್ನೊಮ್ಮೆ ರನ್ ಮಾಡಿದರಾಯಿತು.

ಪಾಠ ಜೂನ್‌ಗೂ ಮುಂದುವರಿದರೆ ನಿಮ್ಮ ಕಡೆಯ ಮಳೆ, ಕರೆಂಟು ನಿಮಗೇ ಗೊತ್ತು. ಯುಪಿಎಸ್‌ಗೆ ರೂಟರನ್ನೂ ಸಿಕ್ಕಿಸಿ, ನಾನು ಮರೆತಿದ್ದೆ. ಎರಡನೇ ಪೆಟ್ಟಿಗೆಗೆ ಪ್ರತಿ ರಾತ್ರಿ ಮಕ್ಕಳ ಫೋಲ್ಡರುಗಳ ನಕಲು ಹೋಗಲಿ. ಮೂರನೆಯದನ್ನು ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಸಮೇತ ಕೊಟ್ಟುಬಿಡಿ.