ನಾಯಿಯ ಕೋರೆಹಲ್ಲಿಗೆ ಕ್ಯಾಪ್: ಎರಕದ್ದೋ, ಪ್ರಿಂಟ್ ಮಾಡಿದ್ದೋ?

ಪ್ರಶ್ನೆ: ನಮ್ಮ ಬೆಲ್ಜಿಯನ್ ಮ್ಯಾಲಿನಾಯ್ಸ್‌ಗೆ ಮೂರು ವರ್ಷ. ಗೂಡಿನ ಸರಳು ಕಚ್ಚಿ ಕಚ್ಚಿ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿದೆ. ರೂಟ್ ಕೆನಾಲ್ ಆಗಿದೆ, ಈಗ ಮೆಟಲ್ ಕ್ಯಾಪ್ ಹಾಕಬೇಕಂತೆ. ಎರಕದ್ದೂ ಇದೆ, ಪ್ರಿಂಟ್ ಮಾಡಿದ್ದೂ ಇದೆ ಅಂತಾರೆ. ಯಾವುದು ಗಟ್ಟಿ ಡಾಕ್ಟ್ರೇ?
— ಓದುಗರೊಬ್ಬರು, ತುಮಕೂರು

ಉತ್ತರ: ಗಟ್ಟಿತನದ ಚಿಂತೆ ಬಿಡಿ. ಕೋಬಾಲ್ಟ್-ಕ್ರೋಮಿಯಂ ಕ್ಯಾಪ್ ಹೇಗೆ ಮಾಡಿದರೂ ನಾಯಿಯ ಕಡಿತಕ್ಕೆ ಒಡೆಯೋದು ಅಪರೂಪ. ಆಗೋ ತೊಂದರೆಯೇ ಬೇರೆ: ಕ್ಯಾಪ್ ಕಳಚಿಕೊಳ್ಳುತ್ತದೆ, ಇಲ್ಲವೇ ಒಳಗಿನ ಹಲ್ಲೇ ಕ್ಯಾಪ್ ಸಮೇತ ಮುರಿಯುತ್ತದೆ. ಹಾಗಾಗಿ ಅದು ಹಲ್ಲಿಗೆ ಎಷ್ಟು ಸರಿಯಾಗಿ ಕೂರುತ್ತದೆ ಅಂತ ಕೇಳಿ.

ಎರಕದಲ್ಲಿ ಮೇಣದ ಕ್ಯಾಪ್ ಮಾಡಿ, ಸುತ್ತ ಶಾಖ ತಡೆಯೋ ಪುಡಿ ಕಲಸಿ ಹೊಯ್ದು, ಮೇಣ ಸುಟ್ಟು ಹೋದ ಜಾಗಕ್ಕೆ ಕರಗಿದ ಲೋಹ ತುಂಬುತ್ತಾರೆ, ಪಂಚಲೋಹದ ವಿಗ್ರಹ ಮಾಡಿದ ಹಾಗೇ. ಲೋಹ ಆರುವಾಗ ಕುಗ್ಗುತ್ತದೆ ಅಲ್ವಾ, ಅದಕ್ಕೆ ತಕ್ಕಷ್ಟು ಆ ಪುಡಿಯ ಅಚ್ಚು ಮೊದಲೇ ಹಿಗ್ಗಿರಬೇಕು; ಕಲಸುವ ಅಳತೆ ತಪ್ಪಿದರೆ ಕ್ಯಾಪ್ ಬಿಗಿಯಾಗುತ್ತದೆ ಇಲ್ಲವೇ ಸಡಿಲ. ಕೈ ಪಳಗಿದವರು ಇದನ್ನು ಈಗಲೂ ಚೆನ್ನಾಗಿಯೇ ಮಾಡುತ್ತಾರೆ.

ಪ್ರಿಂಟ್ ಅಂದರೆ ಲೋಹದ ಪುಡಿ ತೆಳ್ಳಗೆ ಹರಡಿ ಲೇಸರ್‌ನಿಂದ ಪದರ ಪದರವಾಗಿ ಕರಗಿಸೋದು. ಒಂದೊಂದು ಪದರ ಹೆಚ್ಚುಕಡಿಮೆ 25ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕ್ಯಾಪ್ ಅಂಟಿಸೋ ಸಿಮೆಂಟಿಗೆ ಎಷ್ಟು ಜಾಗ ಬಿಡಬೇಕು ಅನ್ನೋದನ್ನು ಕಂಪ್ಯೂಟರಿನಲ್ಲೇ ಹೇಳಬಹುದು. ಆದರೆ ಪ್ರಿಂಟ್ ಆದ ಮೇಲೆ ಕುಲುಮೆಯಲ್ಲಿ ಕಾಯಿಸಿ ಲೋಹದೊಳಗಿನ ಬಿಗಿತ ಇಳಿಸಬೇಕು. ಅವಸರಕ್ಕೆ ಬಿಟ್ಟರೆ ಅಂಚು ಸೊಟ್ಟಗಾಗುತ್ತದೆ. ಇದನ್ನು ಲ್ಯಾಬಿನವರಿಗೆ ಖಂಡಿತ ಕೇಳಿ.

ಲೋಹದ ಬಿಲ್ಲೆಯಿಂದ ಕೊರೆದು ತೆಗೆಯೋ ಮೂರನೇ ವಿಧಾನವೂ ಇದೆ. ಆದರೆ ಕೋರೆಹಲ್ಲು ಚೂಪು, ಅದರ ಕ್ಯಾಪ್ ಆಳ. ಒಳಗಿನ ತುದಿಗೆ ಕೊರೆಯೋ ಮೊನೆ ಹೋಗೋದೇ ಕಷ್ಟ.

ಮನುಷ್ಯರ ಹಲ್ಲಿನಲ್ಲಿ ಕ್ಯಾಪ್ ಅಂಚಿಗೂ ಹಲ್ಲಿಗೂ ನಡುವಿನ ಸಂದು 120 ಮೈಕ್ರಾನ್ ಒಳಗಿದ್ದರೆ ಪರವಾಗಿಲ್ಲ ಅನ್ನೋ ಲೆಕ್ಕ 1971ರಿಂದ ನಡೆದು ಬಂದಿದೆ. ಚೆನ್ನಾಗಿ ಮಾಡಿದರೆ ಎರಕದ್ದೂ, ಪ್ರಿಂಟ್‌ದೂ ಇದರೊಳಗೇ ಬರುತ್ತವೆ. ನನ್ನನ್ನು ಕೇಳಿದರೆ ಪ್ರಿಂಟ್‌ನದೇ ಮಾಡಿಸಿ. ಯಾಕೆಂದರೆ ಕ್ಯಾಪ್ ಕೂರದಿದ್ದರೆ ನಾಯಿಗೆ ಇನ್ನೊಂದು ಸಲ ಅನಸ್ತೇಶಿಯಾ ಕೊಡಬೇಕು, ಪಾಪ. ಕಂಪ್ಯೂಟರಿನಲ್ಲಿ ಅಳತೆ ಉಳಿದಿದ್ದರೆ ಮುಂದೆ ಕ್ಯಾಪ್ ಕಳೆದುಹೋದರೂ ಅದೇ ಅಳತೆಗೆ ಇನ್ನೊಂದು ಮಾಡಿಸಬಹುದು, ಒಳಗಿನ ಹಲ್ಲು ಹಾಗೇ ಇದ್ದರೆ.

ಇನ್ನೊಂದು ಮಾತು, ಹಲ್ಲು ಮೊದಲಿನಷ್ಟೇ ಉದ್ದ ಇರಲಿ ಅಂತ ಹಟ ಮಾಡಬೇಡಿ. ಕ್ಯಾಪ್ ಉದ್ದವಾದಷ್ಟೂ ಕಚ್ಚಿ ಎಳೆಯುವಾಗ ಬುಡಕ್ಕೆ ಬೀಳೋ ಒತ್ತಡ ಜಾಸ್ತಿ. ಮತ್ತೆ ಆ ಸರಳಿನ ಗೂಡು ಬದಲಾಯಿಸಿ, ಕ್ಯಾಪ್ ಹಾಕಿಸುವ ಮುಂಚೆಯೇ.