Re: ರಾಕೆಟ್ 88ರಲ್ಲಿ ಗಿಟಾರ್ ಯಾಕೆ ಹರಿದಂಗೆ ಕೇಳ್ಸುತ್ತೆ, ನನ್ ಫೈಲೇ ಹಾಳಾಗಿದ್ಯಾ?

ಫೈಲ್ ಚೆನ್ನಾಗೇ ಇದೆ ಸರ್, ಡಿಲೀಟ್ ಮಾಡ್ಬೇಡಿ. 'ರಾಕೆಟ್ 88' ಹಾಡಲ್ಲಿ ಗಿಟಾರಿನ ಆ ಗರಗರ ಸೌಂಡ್ ಒರಿಜಿನಲ್‌ನಲ್ಲೇ ಇರೋದು. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್ ಬ್ಯಾಂಡ್‌ನೋರು ಮಿಸಿಸಿಪ್ಪಿಯಿಂದ ಕಾರಲ್ಲಿ ಮೆಂಫಿಸ್‌ಗೆ, ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ಬರೋವಾಗ ಗಿಟಾರಿಸ್ಟ್ ವಿಲ್ಲಿ ಕಿಝಾರ್ಟ್ ಅವ್ರ ಆಂಪ್ (ಗಿಟಾರ್ ಸೌಂಡ್ ಜೋರು ಮಾಡೋ ಸ್ಪೀಕರ್ ಪೆಟ್ಟಿಗೆ) ಕೆಟ್ಟೋಯ್ತು, ಕಾರಿಂದ ಬಿತ್ತು ಅಂತ ಕೆಲವ್ರು, ಮಳೆ ನೀರು ಹೋಯ್ತು ಅಂತ ಇನ್ನು ಕೆಲವ್ರು ಹೇಳ್ತಾರೆ, ಒಟ್ನಲ್ಲಿ ಸ್ಪೀಕರ್ ಕೋನ್ (ಅದುರಿ ಸೌಂಡ್ ಮಾಡೋ ತೆಳು ಪರದೆ) ಹರಿದಿತ್ತು. ರಿಪೇರಿ ಮಾಡ್ಸೋಕೆ ಆಗ್ಲಿಲ್ಲ, ಫಿಲಿಪ್ಸ್ ಅದ್ರೊಳಗೆ ಪೇಪರ್ ತುರುಕಿ ಹಂಗೇ ರೆಕಾರ್ಡ್ ಮಾಡ್ಬಿಟ್ರು. ಮುಚ್ಚಿಡೋದು ಬಿಟ್ಟು ಆ ಗಿಟಾರ್‌ನೇ ಮುಂದಕ್ಕೆ ತಂದ್ರು ನೋಡಿ, ನನ್ ಪ್ರಕಾರ ಹಾಡಿನ ಅರ್ಧ ಮಜಾ ಅಲ್ಲೇ ಇದೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಕೆಳಗಡೆ ಒಂದೇ ರಿಫ್ (ಮತ್ತೆ ಮತ್ತೆ ಬರೋ ಪುಟ್ಟ ಟ್ಯೂನ್) ಗುಯ್ಯಂತ ಓಡ್ತಾನೇ ಇರುತ್ತೆ, ಎಷ್ಟೋ ಸಲ ಗಿಟಾರೋ ಸ್ಯಾಕ್ಸೋಫೋನೋ ಅಂತಾನೇ ಗೊತ್ತಾಗಲ್ಲ.

ಲೇಬಲ್ ಮೇಲೆ ಜಾಕಿ ಬ್ರೆನ್‌ಸ್ಟನ್ ಹೆಸರಿರೋದು ಅವ್ರು ಹಾಡಿದ್ದಕ್ಕೆ. ಅವ್ರ ಹೆಸರಿನ ಜೊತೆ ಲೇಬಲ್ ಮೇಲೆ ಹಾಕಿದ್ದ 'ಡೆಲ್ಟಾ ಕ್ಯಾಟ್ಸ್' ಅನ್ನೋ ಬ್ಯಾಂಡೇ ಇರ್ಲಿಲ್ಲ, ನುಡಿಸಿದ್ದು ಟರ್ನರ್ ಬ್ಯಾಂಡೇ, ಪಿಯಾನೋ ನುಡಿಸಿದ ಟರ್ನರ್‌ಗೆ ಇದು ಎಷ್ಟು ಉರಿದಿರ್ಬೇಕೋ! ಚೆಸ್ ಅನ್ನೋ ರೆಕಾರ್ಡ್ ಕಂಪ್ನಿ ರಿಲೀಸ್ ಮಾಡ್ತು, ಅದೇ ವರ್ಷ ಆರ್ ಆಂಡ್ ಬಿ (ರಿದಮ್ ಆಂಡ್ ಬ್ಲೂಸ್) ಚಾರ್ಟ್‌ನಲ್ಲಿ ನಂಬರ್ 1 ಆಯ್ತು. ಮೊದಲ್ನೇ ರಾಕ್ ಆಂಡ್ ರೋಲ್ ರೆಕಾರ್ಡ್ ಇದೇನಾ ಅನ್ನೋ ಜಗಳ ಮಾತ್ರ ಇನ್ನೂ ಮುಗ್ದಿಲ್ಲ.