ಮಳೆಗಾಲ ಕಳೆದ ಮೇಲೆ ಲಿಪೊ ಬ್ಯಾಟರಿಗಳು ಉಬ್ಬಿವೆ; ದೊಡ್ಡ ಚಾರ್ಜರ್ ಕೊಳ್ಳಬೇಕೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಎಂಟು ವರ್ಷಗಳ ಹಿಂದಿನ ಅಕ್ಟೋಬರ್ ತಿಂಗಳ ಒಂದು ಬೆಳಗು ಕಣ್ಣ ಮುಂದೆ ಬಂತು. ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನದ 2200 ಎಂಎಎಚ್‌ನ ಮೂರು ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳು ಎರಡೂ ಉಬ್ಬಿವೆ, 50 ವಾಟ್ ಚಾರ್ಜರಿನಿಂದ ಹೀಗಾಯಿತೇ, ದೊಡ್ಡ ಚಾರ್ಜರ್, 12 ವೋಲ್ಟ್ 30 ಆಂಪಿಯರಿನ ಪವರ್ ಸಪ್ಲೈ ಮತ್ತು ಹೆಚ್ಚು ಸಿ ಇರುವ (ಸಿ ಎಂದರೆ ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ) ಬ್ಯಾಟರಿ ಕೊಳ್ಳಲೇ ಎಂದು ಕೇಳಿದ್ದೀರಿ. ನನ್ನ ಮನೆ ಉಡುಪಿ ಜಿಲ್ಲೆಯ ಕಟಪಾಡಿಯ ಹತ್ತಿರ. ನನ್ನವು ನಾಲ್ಕು ಉಬ್ಬಿದ್ದವು, ಮತ್ತು ನಾನೂ ಮೊದಲು ಅನುಮಾನಪಟ್ಟದ್ದು ಚಾರ್ಜರನ್ನೇ.

ನಮ್ಮಲ್ಲಿ ಕೊಯ್ಲಾಗಿ ಗದ್ದೆ ಒಣಗಿದ ಮೇಲೆ ವಿಮಾನ ಹಾರಿಸಲು ಜಾಗ ಸಿಗುತ್ತದೆ. ಮೇ ಕೊನೆಯಲ್ಲಿ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಹಾರಾಟವೂ ನಿಲ್ಲುತ್ತದೆ. ಆ ವರ್ಷ ಪತ್ತನಾಜೆ ಕಳೆದರೂ ಬಿಸಿಲಿತ್ತು. ಇನ್ನೊಂದು ಭಾನುವಾರ ಸಿಕ್ಕೀತೆಂದು ಶನಿವಾರ ರಾತ್ರಿ ನಾಲ್ಕೂ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿಟ್ಟೆ. ಬೆಳಿಗ್ಗೆ ಏಳುವಾಗಲೇ ಮಳೆ ಹಿಡಿದಿತ್ತು. ಮುಂದಿನ ಭಾನುವಾರವೂ ಮಳೆಯೇ. ಬಳಿಕ ನಾಲ್ಕು ತಿಂಗಳು ಗದ್ದೆಯಲ್ಲಿ ನೀರು ನಿಂತಿತು, ಬ್ಯಾಟರಿಗಳು ತುಂಬಿದ ಸ್ಥಿತಿಯಲ್ಲೇ ಉಳಿದವು.

ಅವನ್ನು ಹಾಗೆ ಬಿಟ್ಟದ್ದು ಮರೆವಿನಿಂದಲ್ಲ, ಅದೇ ಸರಿಯೆಂದು ನಂಬಿ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ನೋಡಲು ಬರುತ್ತಿದ್ದವರು, ಬ್ಯಾಟರಿಯನ್ನು ಎಂದೂ ಖಾಲಿ ಬಿಡಬಾರದು, ತುಂಬಿಸಿಯೇ ಇಡಬೇಕು ಎಂದು ಹೇಳುತ್ತಿದ್ದರು. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಅದು ನೂರಕ್ಕೆ ನೂರು ನಿಜ; ಖಾಲಿಯಾಗಿ ಬಿದ್ದಿದ್ದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆ ಮಾತನ್ನು ನಾನು ಲಿಪೊ ಬ್ಯಾಟರಿಗೂ ಅನ್ವಯಿಸಿಬಿಟ್ಟೆ. ಅದರ ಮೇಲೆ ಇನ್ನೊಂದು ಸೇರಿತು. ಮಳೆಗಾಲದಲ್ಲಿ ಪಸೆ ಹಿಡಿಯದಿರಲೆಂದು ನಮ್ಮ ಮನೆಯಲ್ಲಿ ಹಪ್ಪಳ, ಮಜ್ಜಿಗೆ ಮೆಣಸು, ಒಣಗಿಸಿದ ಪುನರ್ಪುಳಿ ಸಿಪ್ಪೆ ಎಲ್ಲವನ್ನೂ ಇಡುವುದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ. "ಅಟ್ಟದಲ್ಲಿಡು, ಶೀತ ಆಗುವುದಿಲ್ಲ" ಎಂದು ಅಮ್ಮ ಹೇಳಿದ್ದನ್ನು ಕೇಳಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಾಲ್ಕನ್ನೂ ಜೋಡಿಸಿ ಅಲ್ಲೇ ಇಟ್ಟೆ. ಕುಚ್ಚಲಕ್ಕಿ ಬೇಯುವ ಒಲೆಯ ಬಿಸಿ ದಿನವೂ ಆ ಡಬ್ಬಿಗೆ ತಾಗುತ್ತಿತ್ತು.

ಈ ತಪ್ಪು ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲೂ ಇದೇ ನಡೆದಿದೆಯೆಂದು ನನಗೆ ಬಲವಾಗಿ ಅನಿಸುತ್ತದೆ. ಲಿಪೊ ಸೆಲ್ ಪೂರ್ತಿ ತುಂಬಿದಾಗ 4.20 ವೋಲ್ಟ್ ಇರುತ್ತದೆ. ಆ ವೋಲ್ಟೇಜಿನಲ್ಲಿ ಒಳಗಿನ ವಿದ್ಯುದ್ವಿಚ್ಛೇದ್ಯ ದ್ರವ ಎಲೆಕ್ಟ್ರೋಡುಗಳ ಮೇಲ್ಮೈಯಲ್ಲಿ ನಿಧಾನವಾಗಿ ಒಡೆಯುತ್ತಲೇ ಇರುತ್ತದೆ, ಒಡೆದಾಗ ಅನಿಲ ಹುಟ್ಟುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆಯ ವೇಗ ಹೆಚ್ಚುತ್ತದೆ. ಗಟ್ಟಿ ಲೋಹದ ಕವಚವಿಲ್ಲದೆ ಬರಿಯ ತೆಳು ಹಾಳೆಯ ಚೀಲದೊಳಗಿರುವ ಸೆಲ್ ಆದ್ದರಿಂದ ಆ ಅನಿಲವೇ ಉಬ್ಬಾಗಿ ಕಾಣಿಸುತ್ತದೆ. ಅದೇ ಸೆಲ್ ಅನ್ನು 3.80ರಿಂದ 3.85 ವೋಲ್ಟ್‌ಗೆ ಇಳಿಸಿ, ಅಂದರೆ ಸುಮಾರು ಅರ್ಧ ತುಂಬಿಸಿ, ತಂಪಾದ ಕಡೆ ಇಟ್ಟಿದ್ದರೆ ಈ ಕ್ರಿಯೆ ಬಹಳ ಮಂದವಾಗುತ್ತಿತ್ತು. ಪಸೆ ಸೆಲ್‌ನ ಒಳಗೆ ಹೋಗುವುದಿಲ್ಲ; ಅದು ಹಾಳುಮಾಡುವುದು ಹೊರಗಿನ ಕನೆಕ್ಟರಿನ ಪಿನ್ನುಗಳನ್ನು. ನಾನು ಹೆದರಬೇಕಾದ ಬಿಸಿಗೆ ಹೆದರದೆ, ಪಸೆಗೆ ಹೆದರಿದೆ.

ಅಕ್ಟೋಬರಿನಲ್ಲಿ ಡಬ್ಬಿ ಇಳಿಸಿ ತೆರೆದಾಗ ಚಪ್ಪಟೆಯಾಗಿರಬೇಕಾದ ಬ್ಯಾಟರಿಗಳ ಅಂಚುಗಳು ದುಂಡಗಾಗಿದ್ದವು, ಮೇಲಿನ ನೀಲಿ ಹೊದಿಕೆ ಬಿಗಿದು ಅದರ ಮೇಲಿನ ಅಕ್ಷರಗಳು ಅಡ್ಡಕ್ಕೆ ಹಿಗ್ಗಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಎದ್ದು ಬರುತ್ತಿತ್ತು. ಆದರೂ ಮೀಟರಿನಲ್ಲಿ ಪ್ರತಿ ಸೆಲ್ 4.1 ವೋಲ್ಟಿಗಿಂತ ಮೇಲೆ ತೋರಿಸಿತು, ಅದನ್ನು ನಂಬಿ, ಕಡಿಮೆ ಉಬ್ಬಿದ್ದ ಒಂದನ್ನು ವಿಮಾನಕ್ಕೆ ಹಾಕಿ ಹಾರಿಸಿದೆ. ಮೂರನೆಯ ನಿಮಿಷದಲ್ಲಿ ತೆಂಗಿನ ತೋಟದ ಮೇಲೆ ತಿರುಗಿಸುವಾಗ ಮೋಟಾರ್ ನಿಂತಿತು. ವಿಮಾನ ಮರದ ಹೆಡೆಗೆ ಬಡಿದು ಕೆಳಗೆ ಬಿದ್ದು, ರೆಕ್ಕೆ ಎರಡು ತುಂಡಾಯಿತು.

ಆಮೇಲೆ ಗೆಳೆಯರೊಬ್ಬರ ಚಾರ್ಜರಿನಲ್ಲಿ ಅಳೆದಾಗ ಪ್ರತಿ ಸೆಲ್‌ನ ಆಂತರಿಕ ರೋಧ 30 ಮಿಲಿಓಮ್ ದಾಟಿತ್ತು. ಹೊಸತರಲ್ಲಿ ಅದು ಹತ್ತರೊಳಗೆ ಇತ್ತು. 20 ಆಂಪಿಯರ್ ಎಳೆಯುವ ಮೋಟಾರಿಗೆ 30 ಮಿಲಿಓಮ್ ಎಂದರೆ ಪ್ರತಿ ಸೆಲ್‌ನಲ್ಲಿ 0.6 ವೋಲ್ಟ್ ಕುಸಿತ. ನೆಲದ ಮೇಲೆ ಎಷ್ಟು ವೋಲ್ಟ್ ತೋರಿಸಿದರೇನು, ಗಾಳಿಯಲ್ಲಿ ಮೋಟಾರಿಗೆ ವಿದ್ಯುತ್ ಹರಿಸುವ ಸ್ಪೀಡ್ ಕಂಟ್ರೋಲರ್, ಬ್ಯಾಟರಿ ಖಾಲಿಯಾಯಿತೆಂದು ಭಾವಿಸಿ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಿಮ್ಮ ಉಬ್ಬಿದ ಬ್ಯಾಟರಿಗಳನ್ನು ಒಮ್ಮೆ ಹಾರಿಸಿ ನೋಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ, ಮತ್ತೆ ಚಾರ್ಜಿಗೂ ಹಾಕಬೇಡಿ.

ಈಗ ನೀವು ಕೇಳಿದ ಖರೀದಿಯ ವಿಷಯ. ಚಾರ್ಜರ್ ಬದಲಾಯಿಸುವ ಅಗತ್ಯ ಕಾಣುವುದಿಲ್ಲ. 2200 ಎಂಎಎಚ್ ಬ್ಯಾಟರಿಯನ್ನು 1ಸಿ ದರದಲ್ಲಿ, ಅಂದರೆ 2.2 ಆಂಪಿಯರಿನಲ್ಲಿ ತುಂಬಿಸುವಾಗ ಕೊನೆಯ 12.6 ವೋಲ್ಟಿನಲ್ಲೂ ಬೇಕಾಗುವುದು 28 ವಾಟ್ ಮಾತ್ರ. ಚಾರ್ಜರಿನೊಳಗೆ ನಷ್ಟವಾಗುವುದನ್ನು ಸೇರಿಸಿದರೂ 12 ವೋಲ್ಟ್ 5 ಆಂಪಿಯರಿನ ಅಡಾಪ್ಟರ್ ಧಾರಾಳವಾಗಿ ಸಾಕು. 30 ಆಂಪಿಯರಿನದ್ದು ನಾಲ್ಕಾರು ದೊಡ್ಡ ಬ್ಯಾಟರಿಗಳನ್ನು ಒಟ್ಟಿಗೆ ತುಂಬಿಸುವವರಿಗೆ. ಆದರೆ ಇಂಟರ್ನೆಟ್ ರೂಟರಿನ 1 ಅಥವಾ 2 ಆಂಪಿಯರ್ ಅಡಾಪ್ಟರ್ ಸಾಲದು, ಅದರ ವೋಲ್ಟೇಜ್ ಕುಸಿದು ಚಾರ್ಜರ್ ನಡುವೆ ನಿಂತುಹೋಗುತ್ತದೆ. ಒಂದು ಪರೀಕ್ಷೆ ಮಾತ್ರ ಮಾಡಿ: ಹೊಸ ಬ್ಯಾಟರಿಯ ಬ್ಯಾಲೆನ್ಸ್ ಚಾರ್ಜ್ (ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬಿಸುವುದು) ಮುಗಿದ ಕೂಡಲೇ ಬೇರೆ ಮೀಟರಿನಲ್ಲಿ ಪ್ರತಿ ಸೆಲ್ ಅಳೆಯಿರಿ. 4.20ರ ಆಸುಪಾಸಿನಲ್ಲಿದ್ದರೆ ಚಾರ್ಜರ್ ನಿರಪರಾಧಿ, 4.25 ದಾಟಿದರೆ ಮಾತ್ರ ಬದಲಾಯಿಸಿ. ಹೆಚ್ಚು ಸಿ ಇರುವ ಬ್ಯಾಟರಿಯೂ ಬೇಡ. 25ಸಿ ಇರುವ 2200 ಎಂಎಎಚ್ ಬ್ಯಾಟರಿ ಲೆಕ್ಕಕ್ಕೆ 55 ಆಂಪಿಯರ್ ಕೊಡುತ್ತದೆ, ಕಲಿಯುವವರ ವಿಮಾನಕ್ಕೆ ಅದರ ಅರ್ಧವೂ ಬೇಕಾಗುವುದಿಲ್ಲ. 65ಸಿ ಬರೆದದ್ದನ್ನು ತಂದು ತುಂಬಿಸಿ ಅಟ್ಟದಲ್ಲಿಟ್ಟರೆ ಅದೂ ಉಬ್ಬುತ್ತದೆ.

ನಿಮ್ಮ ಚಾರ್ಜರಿಗೆ ನಿಜವಾಗಿ ಇರುವ ದೌರ್ಬಲ್ಯ ಒಂದೇ, ಅದು ಖಾಲಿ ಮಾಡುವ ಕೆಲಸದಲ್ಲಿ. ಅದರಲ್ಲಿ ಬ್ಯಾಟರಿಯನ್ನು ಅರ್ಧಕ್ಕೆ ತಂದಿಡುವ ಸ್ಟೋರೇಜ್ ಎಂಬ ಆಯ್ಕೆ ಇದೆ, ಆದರೆ ಇಂಥ ಚಿಕ್ಕ ಚಾರ್ಜರುಗಳು ಸಾಮಾನ್ಯವಾಗಿ 5 ವಾಟಿನಲ್ಲಿ ಮಾತ್ರ ಖಾಲಿ ಮಾಡಬಲ್ಲವು. ಪೂರ್ತಿ ತುಂಬಿದ ಒಂದು ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಲು ಎರಡೂವರೆ ಗಂಟೆ ಹಿಡಿಯುತ್ತದೆ. ಬೇಸರಪಟ್ಟು ನಾಳೆ ಮಾಡೋಣವೆಂದು ಬಿಡುವುದು ಅಲ್ಲಿಯೇ. ನಾನು ಕಾರಿನ ಹೆಡ್‌ಲೈಟಿನ 12 ವೋಲ್ಟ್ 55 ವಾಟ್ ಬಲ್ಬಿಗೆ ತಂತಿ ಮತ್ತು ಎಕ್ಸ್‌ಟಿ60 ಕನೆಕ್ಟರ್ ಬೆಸುಗೆ ಹಾಕಿಕೊಂಡಿದ್ದೇನೆ. ಬ್ಯಾಲೆನ್ಸ್ ತಂತಿಗೆ (ಪ್ರತಿ ಸೆಲ್ಲಿಗೂ ಜೋಡಿಸಿರುವ ತೆಳು ತಂತಿಗಳ ಗುಚ್ಛಕ್ಕೆ) ವೋಲ್ಟೇಜ್ ನೋಡುವ ಬಝರ್ ಸಿಕ್ಕಿಸಿ, 3.8 ವೋಲ್ಟಿಗೆ ಕೂಗುವಂತೆ ಇಟ್ಟರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಬಲ್ಬ್ ವಿಪರೀತ ಬಿಸಿಯಾಗುವುದರಿಂದ ಮುರಕಲ್ಲಿನ ಮೆಟ್ಟಿಲ ಮೇಲೆ ಇಟ್ಟು ಎದುರೇ ಕುಳಿತಿರುತ್ತೇನೆ. ಮರೆತು ಎದ್ದು ಹೋದರೆ ಸೆಲ್ 3 ವೋಲ್ಟಿಗಿಂತ ಕೆಳಗಿಳಿದು ಬೇರೆಯೇ ರೀತಿಯಲ್ಲಿ ಸಾಯುತ್ತದೆ.

ಹಾರಿಸಲು ಹೋಗುವ ಬೆಳಿಗ್ಗೆಯೇ ಎದ್ದು ಚಾರ್ಜ್ ಮಾಡಿ, ಹಿಂದಿನ ರಾತ್ರಿ ಬೇಡ. ಅಂದು ಹಾರಿಸದೆ ಉಳಿದದ್ದನ್ನು ಅಂದೇ ಸಂಜೆ ಇಳಿಸಿಡಿ. ಮಳೆಗಾಲದಲ್ಲಿ ನನ್ನ ಬ್ಯಾಟರಿಗಳು ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿ, ನೆಲದ ಮೇಲೆ, ಮಣ್ಣಿನ ಮಡಕೆಯೊಳಗೆ ಇರುತ್ತವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಮ್ಮೆ ತೆಗೆದು ವೋಲ್ಟೇಜ್ ನೋಡಿ, ಪಿನ್ನುಗಳ ಮೇಲಿನ ಹಸಿರು ಕಿಲುಬನ್ನು ಒರೆಸುತ್ತೇನೆ. ಹೀಗೆ ಇಟ್ಟ ಮೇಲೆ ಕೊಂಡ ನಾಲ್ಕರಲ್ಲಿ ಮೂರು ಐದನೆಯ ಮಳೆಗಾಲ ದಾಟಿದವು.

ಉಬ್ಬಿದ ಎರಡನ್ನು ಉಪ್ಪುನೀರಿನಲ್ಲಿ ಮುಳುಗಿಸಲು ಕೆಲವರು ಹೇಳಬಹುದು, ಕೇಳಬೇಡಿ. ಉಪ್ಪು ಮೊದಲು ತಿನ್ನುವುದು ತಂತಿಯ ಬೆಸುಗೆಯನ್ನು, ಒಳಗೆ ವಿದ್ಯುತ್ ಉಳಿದೇ ಇರುತ್ತದೆ. ಬೈಕಿನ ಇಂಡಿಕೇಟರಿನ 10 ವಾಟ್ ಬಲ್ಬಿಗೆ ಜೋಡಿಸಿ, ಅಂಗಳದಲ್ಲಿ, ಸುಡುವ ವಸ್ತುಗಳಿಂದ ದೂರ ಇಟ್ಟು ಬಲ್ಬ್ ಪೂರ್ತಿ ಆರುವವರೆಗೆ ಬಿಡಿ. ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕನೆಕ್ಟರಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ, ಮನೆ ಬಾಗಿಲಿಗೆ ಬರುವ ಕಸದ ಗಾಡಿಗೆ ಹಾಕಬೇಡಿ.